ದ್ರವಗಳಲ್ಲಿ ವಿದ್ಯುತ್ ಪ್ರವಾಹ: ವರ್ತಕರೂ ಸಣ್ಣ ಉದ್ಯಮಿಗಳೂ ಅರಿತಿರಬೇಕಾದ ಲೆಕ್ಕ

ಅಣ್ಣಿಗೇರಿ, ನವಲಗುಂದ ಭಾಗದ ಸವಳು ನೀರಿನ ಪರಿಚಯ ಈ ಸೀಮೆಯಲ್ಲಿ ವ್ಯಾಪಾರ ಮಾಡುವ ಯಾರಿಗೂ ಹೊಸದಲ್ಲ. ಎರೆ ಭೂಮಿಯಲ್ಲಿ ಕೊಳವೆ ಬಾವಿ ಕೊರೆಸಿದರೆ ಬರುವ ನೀರು ಹೆಚ್ಚಿನ ಕಡೆ ಬಾಯಿಗೆ ಹಾಕುವಂತಿರುವುದಿಲ್ಲ. ಬೇಳೆ ಬೇಯುವುದಿಲ್ಲ, ಸಾಬೂನು ನೊರೆಯಾಡುವುದಿಲ್ಲ. ಆದ್ದರಿಂದಲೇ ಮಲಪ್ರಭೆಯ ಕಾಲುವೆ ನೀರಿಗೂ, ಅದರಿಂದ ತುಂಬುವ ಕೆರೆಗಳಿಗೂ ಇಲ್ಲಿ ಇಷ್ಟು ಬೆಲೆ. ಕಳೆದ ಹತ್ತು ಹದಿನೈದು ವರ್ಷಗಳಲ್ಲಿ ನೀರು ಶುದ್ಧೀಕರಣ ಯಂತ್ರಗಳ ವ್ಯಾಪಾರ ಊರೂರಿಗೂ ಹಬ್ಬಿದ್ದು ಇದೇ ಕಾರಣದಿಂದ. ಈ ವ್ಯಾಪಾರದ ಜೊತೆಗೇ ಒಂದು ಪ್ರದರ್ಶನವೂ ಹಬ್ಬಿದೆ.

ಮಾರಾಟ ಪ್ರತಿನಿಧಿ ಎರಡು ಗಾಜಿನ ಲೋಟಗಳನ್ನು ಮೇಜಿನ ಮೇಲಿಡುತ್ತಾನೆ. ಒಂದರಲ್ಲಿ ಮನೆಯ ನೀರು, ಇನ್ನೊಂದರಲ್ಲಿ ಯಂತ್ರದಿಂದ ಶುದ್ಧವಾದ ಆರ್‌ಓ ನೀರು. ಲೋಹದ ಕಡ್ಡಿಗಳಿರುವ ಒಂದು ಚಿಕ್ಕ ಉಪಕರಣವನ್ನು ಎರಡರಲ್ಲೂ ಇಳಿಬಿಟ್ಟು ವಿದ್ಯುತ್ ಹಾಯಿಸುತ್ತಾನೆ. ಎರಡು ನಿಮಿಷದೊಳಗೆ ಮನೆಯ ನೀರು ಕಂದು ಬಣ್ಣಕ್ಕೆ ತಿರುಗಿ ಮೇಲೆ ಹೊಲಸು ನೊರೆ ತೇಲುತ್ತದೆ. ಯಂತ್ರದ ನೀರು ಬಹುಮಟ್ಟಿಗೆ ತಿಳಿಯಾಗಿಯೇ ಉಳಿಯುತ್ತದೆ. ‘ನೋಡಿರಿ, ಇಷ್ಟು ದಿನ ನೀವು ಕುಡಿಯುತ್ತಿದ್ದುದು ಇದನ್ನೇ’ ಎಂದು ಆತ ಹೇಳುವಷ್ಟರಲ್ಲಿ ಮನೆಯವರ ಮುಖ ಬಾಡಿರುತ್ತದೆ. ಮುಂಗಡದ ಹಣ ಅಲ್ಲಿಯೇ ಕೈಸೇರುತ್ತದೆ.

ಆ ಕಂದು ಪದಾರ್ಥ ನೀರಿನಲ್ಲಿ ಮೊದಲೇ ಇದ್ದ ಹೊಲಸಲ್ಲ. ಅದು ಕಡ್ಡಿಯ ಕಬ್ಬಿಣ. ವಿದ್ಯುತ್ತು ಕಬ್ಬಿಣವನ್ನು ಕರಗಿಸಿ ನೀರಿಗೆ ಬಿಟ್ಟಿದೆ, ಅದು ನೀರಿನೊಡನೆ ಕೂಡಿ ತುಕ್ಕಿನಂಥ ಗಷ್ಟಾಗಿದೆ. ಇನ್ನೊಂದು ಕಡ್ಡಿ ಅಲ್ಯೂಮಿನಿಯಮ್ಮಿನದಾಗಿದ್ದರೆ ಬಿಳಿಯ ಗಷ್ಟೂ ಬೆರೆಯುತ್ತದೆ. ಯಂತ್ರದ ನೀರು ಏಕೆ ತಿಳಿಯಾಗಿ ಉಳಿಯಿತು ಎಂಬುದಕ್ಕೂ ಉತ್ತರ ಸರಳವಾಗಿದೆ. ಅದರಲ್ಲಿ ಲವಣ ಕಡಿಮೆ, ಆದ್ದರಿಂದ ವಿದ್ಯುತ್ತು ಹರಿಯಲೇ ಇಲ್ಲ. ಹರಿಯದಿದ್ದ ಮೇಲೆ ಕಡ್ಡಿ ಕರಗುವುದೆಲ್ಲಿಂದ? ಪರೀಕ್ಷಿಸಿ ನೋಡಬೇಕೆನ್ನುವವರು ಆ ಪ್ರತಿನಿಧಿಯ ಶುದ್ಧ ನೀರಿಗೆ ಒಂದು ಚಿಟಿಕೆ ಅಡುಗೆ ಉಪ್ಪು ಹಾಕಿ, ಅದೇ ಉಪಕರಣವನ್ನು ಮತ್ತೊಮ್ಮೆ ಹಚ್ಚಲು ಆತನಿಗೇ ಹೇಳಬೇಕು. ಆ ನೀರೂ ಕಂದಾಗುತ್ತದೆ. ಉಪಕರಣವು ಮನೆಯ ವಿದ್ಯುತ್ತಿಗೆ ನೇರವಾಗಿ ಜೋಡಿಸಿದ್ದಾಗಿರುವುದರಿಂದ ಸ್ವತಃ ಕೈಹಾಕುವುದು ಅಪಾಯ.

ಹೀಗೆಂದ ಮಾತ್ರಕ್ಕೆ ಶುದ್ಧೀಕರಣ ಯಂತ್ರ ಬೇಡವೆಂದಾಗಲಿ, ನಮ್ಮ ಸವಳು ನೀರು ಒಳ್ಳೆಯದೆಂದಾಗಲಿ ಅರ್ಥವಲ್ಲ. ಅಣ್ಣಿಗೇರಿಯಂಥ ಊರಿನಲ್ಲಿ ಆ ಯಂತ್ರಕ್ಕೆ ನ್ಯಾಯವಾದ ಬೇಡಿಕೆಯೇ ಇದೆ. ನ್ಯಾಯವಾಗಿ ಮಾರಬಹುದಾದ ಸರಕನ್ನು ಕಣ್ಕಟ್ಟಿನಿಂದ ಮಾರುವುದೇಕೆ ಎಂಬುದಷ್ಟೇ ನನ್ನ ಆಕ್ಷೇಪ. 2019ರ ಗ್ರಾಹಕ ಸಂರಕ್ಷಣಾ ಕಾಯಿದೆಯಲ್ಲಿ ಅನುಚಿತ ವ್ಯಾಪಾರ ಪದ್ಧತಿ ಮತ್ತು ದಾರಿತಪ್ಪಿಸುವ ಜಾಹೀರಾತುಗಳ ಬಗೆಗೆ ಇರುವ ಉಪಬಂಧಗಳನ್ನು ಈ ಸರಕಿನ ವಿತರಕರಾಗಿರುವ ನಮ್ಮ ಸದಸ್ಯರು ಒಮ್ಮೆ ಓದಿಕೊಳ್ಳುವುದು ಒಳಿತು. ಪ್ರತಿನಿಧಿ ಕಮಿಷನ್ ಪಡೆದು ಮುಂದಿನ ಊರಿಗೆ ಹೋಗಿರುತ್ತಾನೆ. ದೂರು ಬರುವುದು ಅಂಗಡಿಯ ಫಲಕದ ಹೆಸರಿಗೆ.

ಉಪ್ಪು, ಸಕ್ಕರೆ ಮತ್ತು ಅಯಾನು

ತಾಮ್ರದ ತಂತಿಯಲ್ಲಿ ವಿದ್ಯುತ್ತನ್ನು ಒಯ್ಯುವವು ಇಲೆಕ್ಟ್ರಾನುಗಳು. ತಂತಿ ಎಷ್ಟು ವರ್ಷ ವಿದ್ಯುತ್ತನ್ನು ಸಾಗಿಸಿದರೂ ತಾಮ್ರ ತಾಮ್ರವಾಗಿಯೇ ಉಳಿಯುತ್ತದೆ. ದ್ರವಗಳ ರೀತಿ ಬೇರೆ. ಉಪ್ಪು ನೀರಿನಲ್ಲಿ ಕರಗಿದಾಗ ಅದರ ಕಣಗಳು ಎರಡು ಬಗೆಯ ತುಣುಕುಗಳಾಗಿ ಅಗಲುತ್ತವೆ. ಸೋಡಿಯಮ್ಮಿನ ತುಣುಕಿಗೆ ಧನ ವಿದ್ಯುದಂಶ, ಕ್ಲೋರಿನ್ನಿನ ತುಣುಕಿಗೆ ಋಣ ವಿದ್ಯುದಂಶ. ಇವುಗಳಿಗೆ ಅಯಾನುಗಳೆಂದು ಹೆಸರು. ಬ್ಯಾಟರಿಗೆ ಜೋಡಿಸಿದ ಎರಡು ಕಡ್ಡಿಗಳನ್ನು ಇಳಿಬಿಟ್ಟಾಗ ಧನ ಅಯಾನುಗಳು ಋಣಾಗ್ರದತ್ತಲೂ, ಋಣ ಅಯಾನುಗಳು ಧನಾಗ್ರದತ್ತಲೂ ಸಾಗುತ್ತವೆ. ಅಂದರೆ ದ್ರವದಲ್ಲಿ ವಿದ್ಯುತ್ತು ಹರಿಯುವುದೆಂದರೆ ಪದಾರ್ಥವೇ ನಡೆದು ಹೋಗುವುದು. ನಡೆದು ಹೋದ ಪದಾರ್ಥ ಕಡ್ಡಿಯ ಬಳಿ ಏನಾದರೂ ಆಗಲೇಬೇಕು: ಲೋಹವಾಗಿ ಕಡ್ಡಿಗೆ ಅಂಟಬೇಕು, ಅನಿಲವಾಗಿ ಗುಳ್ಳೆಯೇಳಬೇಕು, ಇಲ್ಲವೇ ಕಡ್ಡಿಯನ್ನೇ ಕರಗಿಸಬೇಕು. ಇದೇ ವಿದ್ಯುತ್ತಿನ ರಾಸಾಯನಿಕ ಪರಿಣಾಮ.

ಕಿರಾಣಿ ಅಂಗಡಿಯ ಸಾಮಾನುಗಳಲ್ಲಿಯೇ ವ್ಯತ್ಯಾಸವನ್ನು ಕಾಣಬಹುದು. ಉಪ್ಪಿನ ನೀರು ವಿದ್ಯುತ್ತನ್ನು ಚೆನ್ನಾಗಿ ಹರಿಸುತ್ತದೆ. ಸಕ್ಕರೆಯ ನೀರು ಹರಿಸುವುದಿಲ್ಲ, ಏಕೆಂದರೆ ಸಕ್ಕರೆ ಕರಗಿದರೂ ಅಯಾನುಗಳಾಗಿ ಒಡೆಯುವುದಿಲ್ಲ. ಬೆಲ್ಲದ ನೀರು ತುಸು ಹರಿಸುತ್ತದೆ, ಅದರಲ್ಲಿ ಕಬ್ಬಿನ ಲವಣಾಂಶಗಳು ಉಳಿದಿರುತ್ತವೆ. ನಿಂಬೆಯ ರಸ, ಹುಣಸೆಯ ನೀರು, ವಿನೆಗರ್ ಇವೆಲ್ಲ ಆಮ್ಲಗಳಾದ್ದರಿಂದ ಹರಿಸುತ್ತವೆ. ಶೇಂಗಾ ಎಣ್ಣೆ, ಸೀಮೆ ಎಣ್ಣೆ ಹರಿಸುವುದಿಲ್ಲ. ಟ್ರಾನ್ಸ್‌ಫಾರ್ಮರಿನೊಳಗೆ ಎಣ್ಣೆ ತುಂಬುವುದು ಇದನ್ನೇ ನೆಚ್ಚಿಕೊಂಡು. ಆ ಎಣ್ಣೆಗೆ ನೀರಿನ ತೇವ ಸೇರಿದರೆ ಅದರ ನಿರೋಧ ಗುಣ ಕುಗ್ಗುತ್ತದೆ.

ಅತ್ಯಂತ ಶುದ್ಧ ನೀರಿನ ವಾಹಕತೆ ಒಂದು ಸೆಂಟಿಮೀಟರಿಗೆ 0.055 ಮೈಕ್ರೋಸೀಮನ್ಸ್. ಸಮುದ್ರದ ನೀರಿನದು ಸುಮಾರು 50,000. ಎರಡರ ನಡುವೆ ಹತ್ತಿರ ಹತ್ತಿರ ಹತ್ತು ಲಕ್ಷ ಪಟ್ಟು ಅಂತರ. ಮನೆಗೆ ಬಂದವನ ಕೈಯಲ್ಲಿರುವ ಟಿಡಿಎಸ್ ಮೀಟರು ಲವಣವನ್ನು ತೂಗುವುದಿಲ್ಲ, ಈ ವಾಹಕತೆಯನ್ನು ಅಳೆದು, ಅದನ್ನು ಸುಮಾರು 0.5ರಿಂದ 0.7ರ ಒಳಗಿನ ಒಂದು ಅಂಕಿಯಿಂದ ಗುಣಿಸಿ ಲೀಟರಿಗೆ ಇಷ್ಟು ಮಿಲಿಗ್ರಾಂ ಎಂದು ತೋರಿಸುತ್ತದೆ. ಭಾರತೀಯ ಮಾನಕ 10500ರ ಪ್ರಕಾರ ಕುಡಿಯುವ ನೀರಿಗೆ ಈ ಅಂಕಿ 500 ಮೀರಬಾರದು. ಬೇರೆ ಮೂಲವೇ ಇಲ್ಲದಿದ್ದಲ್ಲಿ 2000ದ ವರೆಗೆ ನಡೆಯುತ್ತದೆ. ಮೀಟರು ಒಟ್ಟು ಮೊತ್ತವನ್ನು ಹೇಳೀತೇ ಹೊರತು ಬಾಬ್ತುವಾರು ವಿವರ ಕೊಡದು. ಫ್ಲೋರೈಡ್ ಲೀಟರಿಗೆ 1.5 ಮಿಲಿಗ್ರಾಂ ಮೀರಿದರೆ ಹಲ್ಲು, ಮೂಳೆಗಳಿಗೆ ಕೇಡು. ಅಷ್ಟು ಸಣ್ಣ ಅಂಶ ಒಟ್ಟು ಮೊತ್ತದಲ್ಲಿ ಕಾಣಿಸುವುದೇ ಇಲ್ಲ. ರೋಗಾಣುಗಳಂತೂ ಈ ಮೀಟರಿನ ಲೆಕ್ಕಕ್ಕೇ ಬರುವುದಿಲ್ಲ. ಆಖೈರು ಪತ್ರಿಕೆಯ ಒಟ್ಟು ಮೊತ್ತವೊಂದನ್ನೇ ನೋಡಿ ವ್ಯವಹಾರ ಕೊಳ್ಳುವವರುಂಟೇ? ನೀರಿನ ವಿಷಯದಲ್ಲೂ ಮಾದರಿಯನ್ನು ಪ್ರಯೋಗಾಲಯಕ್ಕೆ ಕಳಿಸಿ ಬಾಬ್ತುವಾರು ವರದಿ ಪಡೆಯುವುದೇ ಸರಿಯಾದ ಕ್ರಮ.

ಫ್ಯಾರಡೆಯ ದ್ವಿನಮೂದು

ಇಟಲಿಯ ವೋಲ್ಟಾ 1800ರಲ್ಲಿ ತನ್ನ ಬ್ಯಾಟರಿಯನ್ನು ಲೋಕಕ್ಕೆ ತಿಳಿಸಿದ ಕೆಲವೇ ವಾರಗಳಲ್ಲಿ ಲಂಡನ್ನಿನ ನಿಕಲ್ಸನ್ ಮತ್ತು ಕಾರ್ಲೈಲ್ ಅದರ ತಂತಿಗಳನ್ನು ನೀರಿನಲ್ಲಿಟ್ಟು ನೀರನ್ನು ಜಲಜನಕ, ಆಮ್ಲಜನಕಗಳಾಗಿ ಒಡೆದರು. ಆದರೆ ಇದನ್ನು ಲೆಕ್ಕದ ಹದಕ್ಕೆ ತಂದವರು ಮೈಕೆಲ್ ಫ್ಯಾರಡೆ. 1833–34ರಲ್ಲಿ ಅವರು ಸ್ಥಾಪಿಸಿದ ನಿಯಮಗಳ ಸಾರ ಇಷ್ಟು: ದ್ರವದ ಮೂಲಕ ಹರಿದ ವಿದ್ಯುತ್ತಿನ ಪ್ರಮಾಣಕ್ಕೆ ಸರಿಯಾಗಿಯೇ ಪದಾರ್ಥ ಬಿಡುಗಡೆಯಾಗುತ್ತದೆ. ಪಾತ್ರೆ ದೊಡ್ಡದಿರಲಿ ಚಿಕ್ಕದಿರಲಿ, ದ್ರಾವಣ ಗಟ್ಟಿಯಿರಲಿ ತೆಳುವಿರಲಿ, ಒಂದೇ ಪ್ರಮಾಣದ ವಿದ್ಯುತ್ತು ಒಂದೇ ಪ್ರಮಾಣದ ಕೆಲಸ ಮಾಡುತ್ತದೆ.

ವಾಣಿಜ್ಯ ಪದವೀಧರನಾದ ನನಗೆ ಈ ನಿಯಮ ಮೊದಲ ಓದಿನಲ್ಲಿಯೇ ಹಿಡಿಸಿತು, ಏಕೆಂದರೆ ಇದು ನಮ್ಮ ದ್ವಿನಮೂದು ಪದ್ಧತಿಯೇ. ಒಂದು ಕಡ್ಡಿಯಲ್ಲಿ ಜಮಾ ಆಗುವಷ್ಟೇ ವಿದ್ಯುದಂಶ ಇನ್ನೊಂದು ಕಡ್ಡಿಯಲ್ಲಿ ಖರ್ಚು ಬೀಳಲೇಬೇಕು. ಒಂದೇ ಬದಿಯ ನಮೂದು ಪ್ರಕೃತಿಯ ಕಿರ್ದಿಯಲ್ಲಿ ಇಲ್ಲ. ಆಂಪಿಯರನ್ನು ಗಂಟೆಯಿಂದ ಗುಣಿಸಿದರೆ ಬರುವ ಆಂಪಿಯರ್-ಗಂಟೆಯೇ ಇಲ್ಲಿಯ ನಾಣ್ಯ. ಕೊರತೆ ಏನೂ ಇಲ್ಲದಿದ್ದರೆ ಒಂದು ಆಂಪಿಯರ್-ಗಂಟೆಗೆ ಬೆಳ್ಳಿ 4.025 ಗ್ರಾಂ, ತಾಮ್ರ 1.186 ಗ್ರಾಂ, ಸತು 1.22 ಗ್ರಾಂ, ನಿಕಲ್ 1.095 ಗ್ರಾಂ ಕೂಡುತ್ತದೆ. ಮೇಲೆ ಹೇಳಿದ ಲೋಟದ ಪ್ರದರ್ಶನಕ್ಕೂ ಈ ಲೆಕ್ಕ ಹಚ್ಚಬಹುದು. ಅರ್ಧ ಆಂಪಿಯರ್ ಎರಡು ನಿಮಿಷ ಹರಿದರೆ ಕರಗುವ ಕಬ್ಬಿಣ ಸುಮಾರು 17 ಮಿಲಿಗ್ರಾಂ. ಒಂದು ಲೋಟ ನೀರನ್ನು ಕಂದು ಮಾಡಲು ಇಷ್ಟು ಧಾರಾಳವಾಯಿತು.

ಈ ಹೊಂದಾಣಿಕೆ ಎಷ್ಟು ನಂಬಿಕೆಗೆ ಅರ್ಹವೆಂದರೆ, ಒಂದು ಕಾಲಕ್ಕೆ ಆಂಪಿಯರಿನ ಅಂತರರಾಷ್ಟ್ರೀಯ ವ್ಯಾಖ್ಯೆಯೇ ಇದರ ಮೇಲೆ ನಿಂತಿತ್ತು. ಸಿಲ್ವರ್ ನೈಟ್ರೇಟ್ ದ್ರಾವಣದಿಂದ ಸೆಕೆಂಡಿಗೆ 1.118 ಮಿಲಿಗ್ರಾಂ ಬೆಳ್ಳಿಯನ್ನು ಕೂಡಿಸುವ ಪ್ರವಾಹವೇ ಒಂದು ಆಂಪಿಯರ್ ಎಂದು 1908ರ ಲಂಡನ್ ಸಮ್ಮೇಳನ ಒಪ್ಪಿತ್ತು. 1948ರ ವರೆಗೂ ಅದು ನಡೆಯಿತು. ಎಡಿಸನ್ ಅವರು 1880ರ ದಶಕದಲ್ಲಿ ಅಮೆರಿಕೆಯಲ್ಲಿ ವಿದ್ಯುತ್ ಮಾರಲು ತೊಡಗಿದಾಗ ಗಿರಾಕಿಗಳ ಮನೆಯಲ್ಲಿ ಕೂಡಿಸಿದ ಮೀಟರಿನಲ್ಲಿ ಮುಳ್ಳೂ ಇರಲಿಲ್ಲ, ಅಂಕಿಯೂ ಇರಲಿಲ್ಲ. ಸತುವಿನ ದ್ರಾವಣದಲ್ಲಿ ಎರಡು ಸತುವಿನ ಫಲಕಗಳಿದ್ದವು. ಕಂಪನಿಯ ನೌಕರ ಬಂದು ಫಲಕಗಳನ್ನು ಒಯ್ದು ತೂಗುತ್ತಿದ್ದ. ತೂಕ ಎಷ್ಟು ವ್ಯತ್ಯಾಸವಾಯಿತೋ ಅದರ ಮೇಲೆ ಬಿಲ್ಲು. ತಕ್ಕಡಿಯಲ್ಲಿ ತೂಗಿ ವಿದ್ಯುತ್ತನ್ನು ಮಾರಿದ ಕಾಲ ಅದು. ಗಿರಾಕಿಗಳಿಗೆ ಮಾತ್ರ ಆ ತಕ್ಕಡಿಯ ಮೇಲೆ ಸಂಶಯ ತಪ್ಪಲಿಲ್ಲವಂತೆ!

ವಿದ್ಯುತ್ತೇ ಕಚ್ಚಾಮಾಲಾಗಿರುವ ದೊಡ್ಡ ಉದ್ಯಮಗಳೂ ನಮ್ಮ ಆಸುಪಾಸಿನಲ್ಲಿವೆ. ಕಾರವಾರದ ಬಳಿಯ ಬಿಣಗಾದ ಕಾರ್ಖಾನೆಯಲ್ಲಿ ಉಪ್ಪಿನ ನೀರಿನ ಮೂಲಕ ವಿದ್ಯುತ್ತನ್ನು ಹಾಯಿಸಿ ಕಾಸ್ಟಿಕ್ ಸೋಡಾ ಮತ್ತು ಕ್ಲೋರಿನ್ ತೆಗೆಯುತ್ತಾರೆ. 2013ರಲ್ಲಿ ಅದು ಆದಿತ್ಯ ಬಿರ್ಲಾ ಸಮೂಹಕ್ಕೆ ಸೇರಿತು. ಒಂದು ಟನ್ ಕಾಸ್ಟಿಕ್ ಸೋಡಾ ತೆಗೆದರೆ ಸುಮಾರು 886 ಕಿಲೋ ಕ್ಲೋರಿನ್ ಬೇಕೋ ಬೇಡವೋ ಬಂದೇ ಬರುತ್ತದೆ. ಎರಡಕ್ಕೂ ಒಟ್ಟಿಗೆ ಗಿರಾಕಿ ಹುಡುಕುವುದು ಆ ವ್ಯಾಪಾರದ ನಿತ್ಯದ ಚಿಂತೆ. ಅಲ್ಯೂಮಿನಿಯಮ್ಮಿನದು ಇನ್ನೂ ಭಾರಿ. ಕರಗಿದ ಲವಣದಿಂದ ಒಂದು ಟನ್ ಲೋಹ ಬಿಡಿಸಲು 13,000 ಯೂನಿಟ್ಟಿಗೂ ಮೇಲ್ಪಟ್ಟು ವಿದ್ಯುತ್ ಬೇಕು. ಬೆಳಗಾವಿಯಲ್ಲಿ ಇಂಡಾಲ್ ಕಂಪನಿ ಹಿಂದೆ ಲೋಹವನ್ನೂ ತೆಗೆಯುತ್ತಿತ್ತು. ಈಗ ಅಲ್ಲಿ ಹಿಂಡಾಲ್ಕೊ ನಡೆಸುತ್ತಿರುವುದು ಅಲ್ಯೂಮಿನಾ ತಯಾರಿಕೆ. ಇಂಥ ಉದ್ಯಮ ವಿದ್ಯುತ್ತು ಅಗ್ಗವಾಗಿರುವೆಡೆಗೆ ಸರಿದು ಹೋಗುವುದು ಸಹಜ.

ಲೇಪನದ ತೊಟ್ಟಿಯಲ್ಲಿ ಸರಕಿನ ತಾಳೆ

ನಮ್ಮ ಸದಸ್ಯರಲ್ಲಿ ಹೆಚ್ಚಿನವರಿಗೆ ನೇರವಾಗಿ ಸಂಬಂಧಿಸಿದ್ದು ವಿದ್ಯುಲ್ಲೇಪನ. ಹುಬ್ಬಳ್ಳಿಯ ಗೋಕುಲ ರಸ್ತೆ, ತಾರಿಹಾಳ ಕೈಗಾರಿಕಾ ವಸಾಹತುಗಳಂಥ ಕಡೆ ಬೋಲ್ಟು, ಕೀಲು, ಹಿಡಿಕೆ, ಕೃಷಿ ಯಂತ್ರಗಳ ಬಿಡಿಭಾಗ ತಯಾರಿಸುವವರು ಸತು, ನಿಕಲ್, ಕ್ರೋಮಿಯಮ್ ಲೇಪನವನ್ನು ಹೊರಗೆ ಜಾಬ್‌ವರ್ಕಿಗೆ ಕೊಡುತ್ತಾರೆ. ಲೇಪಿಸಬೇಕಾದ ವಸ್ತುವನ್ನು ಋಣಾಗ್ರಕ್ಕೆ, ಶುದ್ಧ ಲೋಹದ ಪಟ್ಟಿಯನ್ನು ಧನಾಗ್ರಕ್ಕೆ ಜೋಡಿಸಿ, ಅದೇ ಲೋಹದ ಲವಣದ ದ್ರಾವಣದಲ್ಲಿ ಇಳಿಬಿಟ್ಟು ಏಕಮುಖ ಪ್ರವಾಹವನ್ನು ಹಾಯಿಸುವುದು ಇದರ ವಿಧಾನ. ಪಟ್ಟಿ ಕರಗುತ್ತದೆ, ವಸ್ತುವಿನ ಮೇಲೆ ಲೋಹ ಕೂಡುತ್ತದೆ. ಒಡವೆಗೆ ಚಿನ್ನದ ನೀರು ಹಾಕಿಸುವುದೂ ಇದೇ ಬಗೆಯ ಕೆಲಸ.

ಇಲ್ಲಿ ತಕರಾರು ಬರುವುದು ಲೇಪನದ ದಪ್ಪದ ಬಗ್ಗೆ. ಹತ್ತು ಮೈಕ್ರಾನ್ ಎಂದು ಒಪ್ಪಿಕೊಂಡು ಏಳು ಮೈಕ್ರಾನ್ ಹಾಕಿದರೆ ಕಣ್ಣಿಗೆ ಕಾಣುವುದಿಲ್ಲ. ಎರಡು ಮಳೆಗಾಲ ಕಳೆದ ಮೇಲೆ ತುಕ್ಕು ಕಂಡಾಗ ಬಿಲ್ಲಿನ ಹಣ ಸಂದು ಎಷ್ಟೋ ಕಾಲವಾಗಿರುತ್ತದೆ. ಇಂಥ ತಕರಾರೊಂದರ ಲೆಕ್ಕ ನೋಡಲು ಕಕ್ಷಿದಾರರೊಬ್ಬರು ನನ್ನನ್ನು ಕೇಳಿಕೊಂಡಾಗ, ಖರೀದಿ ಬಿಲ್ಲುಗಳಿಗಿಂತ ಮೊದಲು ನಾನು ಕೇಳಿದ್ದು ತೊಟ್ಟಿಯ ಆಂಪಿಯರ್-ಗಂಟೆಯ ದಾಖಲೆಯನ್ನು. ಅಂಥ ದಾಖಲೆ ಇರಲಿಲ್ಲ. ಹೆಚ್ಚಿನ ಘಟಕಗಳಲ್ಲಿ ಇರುವುದಿಲ್ಲ. ವಿದ್ಯುತ್ ಕಂಪನಿಯ ಮೀಟರು ಇಡೀ ಶೆಡ್ಡಿನ ಯೂನಿಟ್ಟುಗಳನ್ನು ತೋರಿಸುತ್ತದೆಯೇ ಹೊರತು ತೊಟ್ಟಿಯಲ್ಲಿ ಹರಿದ ಆಂಪಿಯರ್-ಗಂಟೆಯನ್ನಲ್ಲ.

ಒಂದು ಉದಾಹರಣೆ ತೆಗೆದುಕೊಳ್ಳೋಣ. ಸಾವಿರ ಹಿಡಿಕೆಗಳು, ಪ್ರತಿಯೊಂದರ ಮೇಲ್ಮೈ ಎರಡು ಚದರ ಡೆಸಿಮೀಟರ್, ಅಂದರೆ 200 ಚದರ ಸೆಂಟಿಮೀಟರ್. ಹತ್ತು ಮೈಕ್ರಾನ್ ನಿಕಲ್ ಬೇಕು. ನಿಕಲ್ಲಿನ ಸಾಂದ್ರತೆ 8.9. ಆಗ ಒಟ್ಟು ಕೂಡಬೇಕಾದ ಲೋಹ 1,780 ಗ್ರಾಂ. ಇದಕ್ಕೆ ಫ್ಯಾರಡೆಯ ಲೆಕ್ಕದಂತೆ 1,626 ಆಂಪಿಯರ್-ಗಂಟೆ ಬೇಕು. ನಿಕಲ್ ತೊಟ್ಟಿಯಲ್ಲಿ ಶೇಕಡಾ ಐದರಷ್ಟು ಪ್ರವಾಹ ಜಲಜನಕದ ಗುಳ್ಳೆಯಾಗಿ ವ್ಯರ್ಥವಾಗುತ್ತದೆ ಎಂದು ಹಿಡಿದರೆ 1,711. ಏಳೇ ಮೈಕ್ರಾನ್ ಹಾಕಿದ್ದರೆ ಕೂಡಿದ ಲೋಹ 1,246 ಗ್ರಾಂ ಮಾತ್ರ. ವ್ಯತ್ಯಾಸ ಅರ್ಧ ಕಿಲೋವಿಗೂ ಮಿಕ್ಕಿದ ನಿಕಲ್. ಒಂದು ಸಾವಿರದ ಕಂತಿನಲ್ಲಿಯೇ ಇಷ್ಟು.

ಅದೇ ಉದಾಹರಣೆಯಲ್ಲಿ ವಿದ್ಯುತ್ತಿನ ಖರ್ಚನ್ನೂ ನೋಡಬೇಕು. ತೊಟ್ಟಿಗೆ ಆರು ವೋಲ್ಟ್ ಕೊಟ್ಟರೆ 1,711 ಆಂಪಿಯರ್-ಗಂಟೆಗೆ ಸುಮಾರು ಹತ್ತು ಯೂನಿಟ್, ರೆಕ್ಟಿಫೈಯರಿನ ನಷ್ಟ ಸೇರಿ ಹದಿಮೂರು. ಯೂನಿಟ್ಟಿಗೆ ಹತ್ತು ರೂಪಾಯಿ ಎಂದುಕೊಂಡರೂ 130 ರೂಪಾಯಿ. ಹೀಗಿರುವಾಗ ‘ಕರೆಂಟಿನ ದರ ಏರಿತು, ಅದಕ್ಕೇ ಲೇಪನದ ದರವನ್ನೂ ಏರಿಸಿದ್ದೇವೆ’ ಎಂಬ ಮಾತನ್ನು ನಿಕಲ್ ಲೇಪನದಲ್ಲಿ ತೂಗಿ ನೋಡಿಯೇ ಒಪ್ಪಬೇಕು. ತೊಟ್ಟಿ ಬಿಸಿಯಾಗಿಡುವ ಹೀಟರು, ಪಂಪು, ಗಾಳಿಯಂತ್ರಗಳ ಬಳಕೆ ಇದಕ್ಕಿಂತ ಹೆಚ್ಚಿರಬಹುದು. ಆದರೂ ಬೆಲೆಯ ಮುಖ್ಯ ಭಾಗ ಲೋಹದ್ದೇ. ಕ್ರೋಮಿಯಮ್ಮಿನದು ಬೇರೆ ಕಥೆ. ಸಾಮಾನ್ಯ ಕ್ರೋಮಿಕ್ ಆಮ್ಲದ ತೊಟ್ಟಿಯಲ್ಲಿ ಪ್ರವಾಹದ ಶೇಕಡಾ 10–20 ಮಾತ್ರ ಲೋಹ ಕೂಡಿಸುತ್ತದೆ. ಉಳಿದದ್ದು ಗುಳ್ಳೆಗೆ ಹೋಗುತ್ತದೆ. ಆ ಗುಳ್ಳೆಗಳೊಂದಿಗೆ ಏಳುವ ಮಂಜು ಕೆಲಸಗಾರರ ಮೂಗು, ಶ್ವಾಸಕೋಶಗಳಿಗೆ ಅಪಾಯಕಾರಿ, ಕ್ಯಾನ್ಸರ್ ತರುವಂಥದು. ಗಾಳಿ ಹೀರುವ ವ್ಯವಸ್ಥೆಯ ಖರ್ಚನ್ನು ಉಳಿಸಲು ಹೋಗಬಾರದು.

ಏಕಮುಖ ಪ್ರವಾಹದ ಬದಿಗೆ ಒಂದು ಆಂಪಿಯರ್-ಗಂಟೆ ಮೀಟರನ್ನು ಕೂಡಿಸಿ, ದಿನದ ಕೊನೆಗೆ ಅಂಕಿಯನ್ನು ಬರೆದಿಟ್ಟರೆ ತಿಂಗಳ ಕೊನೆಗೆ ಸರಕಿನ ತಾಳೆ ನೋಡಬಹುದು. ಆರಂಭದ ಶಿಲ್ಕು, ಖರೀದಿ, ಕೊನೆಯ ಶಿಲ್ಕುಗಳಿಂದ ನಿಕಲ್ ಪಟ್ಟಿಯ ಬಳಕೆ ಎಷ್ಟೆಂದು ತಿಳಿಯುತ್ತದೆ. ಮೀಟರಿನ ಅಂಕಿಯನ್ನು 1.095ರಿಂದ ಗುಣಿಸಿದರೆ ಬರುವ ಗ್ರಾಂಗಳಿಗೆ ಅದು ಸಮೀಪ ಇರಬೇಕು. ಪಟ್ಟಿ ಹೆಚ್ಚು ಸವೆದು ಮೀಟರು ಕಡಿಮೆ ತೋರಿಸಿದರೆ ಲೋಹ ಬೇರೆ ದಾರಿ ಹಿಡಿದಿದೆ ಎಂದು ತಿಳಿಯಬೇಕು. ಅದು ಕಳವೇ ಆಗಿರಬೇಕೆಂದಿಲ್ಲ. ಪಟ್ಟಿಯಿಂದ ಉದುರಿದ ಚೂರು ತೊಟ್ಟಿಯ ತಳದಲ್ಲಿರಬಹುದು, ಬಳಸಿ ಉಳಿದ ತುಂಡುಗಳು ಗುಜರಿಯ ಲೆಕ್ಕಕ್ಕೆ ಬಾರದೆ ಹೋಗಿರಬಹುದು. ಮೀಟರಿಗೂ ಪಟ್ಟಿಗೂ ತಾಳೆ ಬಿದ್ದು ಮಾಲಿನ ದಪ್ಪ ಮಾತ್ರ ಕಡಿಮೆ ಬಂದರೆ, ವಸ್ತುವನ್ನು ನೇತುಹಾಕುವ ಕೊಕ್ಕೆಗಳನ್ನು ನೋಡಬೇಕು. ನಿರೋಧಕ ಲೇಪವಿಲ್ಲದ ಕೊಕ್ಕೆ ಮಾಲಿನ ಲೋಹವನ್ನು ತಾನೇ ತಿನ್ನುತ್ತದೆ. ತೊಟ್ಟಿಯಿಂದ ಎತ್ತಿದ ವಸ್ತುವಿಗೆ ಅಂಟಿಕೊಂಡ ದ್ರಾವಣವೂ ತೊಳೆಯುವ ನೀರಿಗೆ ಹೋಗುತ್ತದೆ. ಎತ್ತಿದ ಮೇಲೆ ಹತ್ತು ಇಪ್ಪತ್ತು ಸೆಕೆಂಡು ತೊಟ್ಟಿಯ ಮೇಲೆಯೇ ಸೋರಲು ಬಿಟ್ಟರೆ ಬಹಳಷ್ಟು ಉಳಿಯುತ್ತದೆ. ಹೀಗೆ ಉಳಿಸಿದ ಲೋಹಕ್ಕೆ ಎರಡು ಲಾಭ. ಚರಂಡಿ ಸೇರಿದರೆ ಅದೇ ವಿಷ, ಸಂಸ್ಕರಿಸಿದ ಮೇಲೆ ಉಳಿಯುವ ಗಷ್ಟು 2016ರ ನಿಯಮಗಳ ಪ್ರಕಾರ ಅಪಾಯಕಾರಿ ತ್ಯಾಜ್ಯ. ಮಾಲಿನ್ಯ ನಿಯಂತ್ರಣ ಮಂಡಳಿಯ ಸಮ್ಮತಿ ಪತ್ರದಲ್ಲಿ ಅದರ ವಿಲೇವಾರಿಯ ಷರತ್ತುಗಳಿರುತ್ತವೆ.

ಮಾಲು ಕಳಿಸುವವರಿಗೆ ಎರಡು ಮಾತು. ಆಂಪಿಯರ್-ಗಂಟೆಯಿಂದ ಸಿಗುವುದು ಸರಾಸರಿ ದಪ್ಪ ಮಾತ್ರ. ಅಂಚು, ಮೂಲೆಗಳಲ್ಲಿ ಲೋಹ ಹೆಚ್ಚು ಕೂಡುತ್ತದೆ, ಒಳಗಿನ ಗುಳಿಗಳಲ್ಲಿ ಕಡಿಮೆ. ಆದ್ದರಿಂದ ಒಪ್ಪಂದದಲ್ಲಿ ‘ಹತ್ತು ಮೈಕ್ರಾನ್’ ಎಂದಷ್ಟೇ ಬರೆಯದೆ, ಎಲ್ಲಿ ಅಳೆದಾಗ ಕನಿಷ್ಠ ಎಷ್ಟು ಇರಬೇಕೆಂದು ಬರೆಯಬೇಕು. ಎರಡನೆಯದು ತೆರಿಗೆಗೆ ಸೇರಿದ್ದು. ಕೇಂದ್ರ ಜಿಎಸ್‌ಟಿ ಕಾಯಿದೆಯ 143ನೆಯ ಕಲಮಿನಂತೆ ಜಾಬ್‌ವರ್ಕಿಗೆ ಕಳಿಸಿದ ಮಾಲು ಒಂದು ವರ್ಷದೊಳಗೆ ಮರಳಬೇಕು ಅಥವಾ ಅಲ್ಲಿಂದಲೇ ಮಾರಾಟವಾಗಬೇಕು. ಇಲ್ಲವಾದರೆ ಕಳಿಸಿದ ದಿನವೇ ಮಾರಿದಂತೆ ಎಣಿಸಿ ತೆರಿಗೆ, ಬಡ್ಡಿ ಬೀಳುತ್ತವೆ. ದಪ್ಪದ ತಕರಾರಿನಲ್ಲಿ ಮಾಲು ಲೇಪಕನ ಶೆಡ್ಡಿನಲ್ಲಿಯೇ ಬಿದ್ದಿರುವಾಗ ಈ ಗಡುವು ಮರೆತು ಹೋಗುವುದುಂಟು. ತಾಂತ್ರಿಕ ಸಲಹೆ ಬೇಕಾದವರಿಗೆ ತಮಿಳುನಾಡಿನ ಕಾರೈಕುಡಿಯಲ್ಲಿ ಕೇಂದ್ರೀಯ ವಿದ್ಯುತ್-ರಸಾಯನ ಸಂಶೋಧನಾಲಯವಿದೆ. ವರ್ತಕರಾದ ಅಳಗಪ್ಪ ಚೆಟ್ಟಿಯಾರರು ಜಮೀನು, ಹಣ ಎರಡನ್ನೂ ದಾನವಾಗಿ ಕೊಟ್ಟಿದ್ದರಿಂದ ಅದು ಆ ಊರಿಗೆ ಬಂದಿತು. 1953ರಲ್ಲಿ ಅದರ ಉದ್ಘಾಟನೆಯಾಯಿತು.

ಬ್ಯಾಟರಿ ಮತ್ತು ಸವಳು ನೀರು

ಇನ್‌ವರ್ಟರ್ ಬ್ಯಾಟರಿ ಇಲ್ಲದ ಅಂಗಡಿ ಈಗ ವಿರಳ. ಸೀಸ-ಆಮ್ಲದ ಈ ಬ್ಯಾಟರಿಯಲ್ಲಿ ಇದೇ ಕ್ರಿಯೆ ಎರಡೂ ದಿಕ್ಕಿಗೆ ನಡೆಯುತ್ತದೆ. ಚಾರ್ಜ್ ಮಾಡುವಾಗ ವಿದ್ಯುತ್ತು ರಾಸಾಯನಿಕ ಬದಲಾವಣೆ ಮಾಡುತ್ತದೆ, ಬಳಸುವಾಗ ಆ ಬದಲಾವಣೆ ಹಿಂದಿರುಗಿ ವಿದ್ಯುತ್ತನ್ನು ಕೊಡುತ್ತದೆ. ಬಳಸಿದಂತೆಲ್ಲ ಆಮ್ಲದ ಅಂಶ ಫಲಕಗಳಿಗೆ ಹೋಗಿ ದ್ರಾವಣ ತೆಳುವಾಗುತ್ತದೆ. ಹೈಡ್ರೋಮೀಟರಿನಲ್ಲಿ ಸಾಂದ್ರತೆ, ತಯಾರಕರನ್ನು ಅನುಸರಿಸಿ, 1.24ರಿಂದ 1.28ರ ಮಟ್ಟದಿಂದ 1.15ರ ಆಸುಪಾಸಿಗೆ ಇಳಿಯುವುದು ಇದರಿಂದಲೇ. ಬ್ಯಾಟರಿಯ ಶಿಲ್ಕನ್ನು ಅರಿಯಲು ಇದು ಒಳ್ಳೆಯ ಸಾಧನ.

ಪೂರ್ತಿ ಚಾರ್ಜ್ ಆದ ಮೇಲೂ ಪ್ರವಾಹ ಮುಂದುವರಿದರೆ ಅದು ನೀರನ್ನು ಒಡೆಯುತ್ತದೆ. ಹನ್ನೆರಡು ವೋಲ್ಟಿನ ಬ್ಯಾಟರಿಯ ಆರು ಕೋಶಗಳಲ್ಲಿ ಐದು ಆಂಪಿಯರ್ ಹತ್ತು ಗಂಟೆ ಹೀಗೆ ಹೆಚ್ಚಾಗಿ ಹರಿದರೆ ಸುಮಾರು 100 ಗ್ರಾಂ ನೀರು ಮಾಯವಾಗಿ, 125 ಲೀಟರಿನಷ್ಟು ಜಲಜನಕ ಕೋಣೆಗೆ ಬರುತ್ತದೆ. ಗಾಳಿಯಲ್ಲಿ ಅದು ಶೇಕಡಾ ನಾಲ್ಕಕ್ಕೆ ಮುಟ್ಟಿದರೆ ಒಂದು ಕಿಡಿ ಸಾಕು. ಆದರೂ ಗೋದಾಮಿನ ಅಟ್ಟದ ಕೆಳಗೆ, ದೇವರ ದೀಪದ ಪಕ್ಕಕ್ಕೆ, ಬಾಗಿಲು ಮುಚ್ಚಿದ ಕಪಾಟಿನಲ್ಲಿ ಬ್ಯಾಟರಿ ಇಟ್ಟಿರುವುದನ್ನು ನಾನು ಎಷ್ಟೋ ಅಂಗಡಿಗಳಲ್ಲಿ ಕಂಡಿದ್ದೇನೆ. ಹತ್ತಿ, ಅರಳೆಯ ವ್ಯಾಪಾರ ಇರುವಲ್ಲಿ ಇದು ತೀರಾ ಅವಿವೇಕ.

ಕಡಿಮೆಯಾದ ನೀರಿನ ಜಾಗಕ್ಕೆ ಬಟ್ಟಿಯಿಳಿಸಿದ ನೀರನ್ನೇ ಹಾಕಬೇಕು. ಇದಕ್ಕೆಂದೇ ಭಾರತೀಯ ಮಾನಕ 1069 ಇದೆ. ಅಣ್ಣಿಗೇರಿಯ ಕೊಳವೆ ಬಾವಿಯ ನೀರನ್ನು ಹಾಕಿದರೆ ಅದರ ಕ್ಲೋರೈಡು, ಕಬ್ಬಿಣದಂಥ ಅಂಶಗಳು ಒಳಗೇ ಉಳಿದು ಫಲಕವನ್ನು ಸವೆಸುತ್ತವೆ, ಬಳಸದಿದ್ದಾಗಲೂ ಚಾರ್ಜ್ ಇಳಿಯುವಂತೆ ಮಾಡುತ್ತವೆ. ಪ್ರತಿ ಸಲ ನೀರಷ್ಟೇ ಆರಿ ಹೋಗಿ ಲವಣ ಉಳಿಯುವುದರಿಂದ ಅದು ಬಡ್ಡಿಯಂತೆ ಕೂಡುತ್ತಾ ಹೋಗುತ್ತದೆ. ಕುಡಿಯಲು ಯೋಗ್ಯವಾದ ಆರ್‌ಓ ನೀರೂ ಇದಕ್ಕೆ ಸಾಲದು. ಟಿಡಿಎಸ್ 50 ಇದ್ದರೆ ಬಾಯಿಗೆ ಸಿಹಿ, ಬ್ಯಾಟರಿಗೆ ಅದೂ ಹೆಚ್ಚೇ. ಒಂದು ಡಬ್ಬಿ ಬ್ಯಾಟರಿ ನೀರಿನ ಬೆಲೆಗಾಗಿ ಸಾವಿರಾರು ರೂಪಾಯಿಯ ಬ್ಯಾಟರಿಯನ್ನು ಎರಡು ವರ್ಷ ಮೊದಲೇ ಬದಲಿಸುವುದು ಯಾವ ಲೆಕ್ಕಕ್ಕೂ ಕೂಡುವುದಿಲ್ಲ. ಬಿಸಿನಸ್ ಖರ್ಚೆಂದು ತೋರಿಸಬಹುದಲ್ಲವೇ ಎಂದು ಕೇಳಿದವರೂ ಇದ್ದಾರೆ. ತೋರಿಸಬಹುದು, ಆದರೂ ಅದು ಖರ್ಚೇ.

ಹಳೆಯ ಬ್ಯಾಟರಿಯ ವ್ಯಾಪಾರದಲ್ಲಿರುವವರಿಗೆ 2001ರ ನಿಯಮಗಳ ಬದಲಿಗೆ ಬಂದ 2022ರ ಬ್ಯಾಟರಿ ತ್ಯಾಜ್ಯ ನಿರ್ವಹಣಾ ನಿಯಮಗಳು ಅನ್ವಯಿಸುತ್ತವೆ. ಹಿಂಪಡೆದು ಮರುಬಳಕೆ ಮಾಡಿಸುವ ಹೊಣೆ ಈಗ ಉತ್ಪಾದಕರದು, ಮರುಬಳಕೆದಾರರು ಕೇಂದ್ರ ವ್ಯವಸ್ಥೆಯ ಪೋರ್ಟಲಿನಲ್ಲಿ ನೋಂದಾಯಿಸಿರಬೇಕು. ಆಮ್ಲವನ್ನು ಗಟಾರಕ್ಕೆ ಚೆಲ್ಲಿ ಹಿತ್ತಲಲ್ಲಿ ಸೀಸ ಕರಗಿಸುವವರಿಗೆ ಕೆಜಿಗೆ ಎರಡು ರೂಪಾಯಿ ಹೆಚ್ಚು ಸಿಗುತ್ತದೆಂದು ಮಾರುವುದು ಅಕ್ಕಪಕ್ಕದ ಮಕ್ಕಳಿಗೆ ಸೀಸದ ವಿಷ ಉಣಿಸಿದಂತೆ.

ಭೂಸಂಪರ್ಕದ ಗುಂಡಿ

ಇನ್ನು ಉಳಿದದ್ದು ನೆಲದೊಳಗಿನ ದ್ರವ. ಒಣ ಮಣ್ಣು ವಿದ್ಯುತ್ತನ್ನು ಹರಿಸುವುದಿಲ್ಲ. ಹರಿಸುವುದು ಮಣ್ಣಿನ ಕಣಗಳ ನಡುವಿನ ಲವಣಯುಕ್ತ ತೇವ. ಅರ್ತಿಂಗ್ ಗುಂಡಿಗೆ ಇದ್ದಿಲು, ಉಪ್ಪು ತುಂಬಿ ಮೇಲೆ ನೀರು ಹೊಯ್ಯುವ ವಾಡಿಕೆಯ ಹಿಂದಿರುವುದು ಇದೇ ತತ್ವ. ಹಸಿಯಾಗಿರುವಾಗ ನಮ್ಮ ಎರೆ ಮಣ್ಣು ಈ ಕೆಲಸಕ್ಕೆ ಬಲು ಉತ್ತಮ. ಬೇಸಿಗೆಯಲ್ಲಿ ಅದೇ ಮಣ್ಣು ಬಿರಿದು, ಪೈಪಿನ ಸುತ್ತ ಸಂದು ಬಿಟ್ಟು, ಸಂಪರ್ಕ ಕಳೆದುಕೊಳ್ಳುತ್ತದೆ. ಮಳೆಗಾಲದಲ್ಲಿ ಪರೀಕ್ಷಿಸಿ ಪ್ರಮಾಣಪತ್ರ ಪಡೆದ ಅರ್ತಿಂಗ್ ಏಪ್ರಿಲ್ ತಿಂಗಳಲ್ಲಿ ಕೈಕೊಡಬಹುದು. ಆಗ ಸೋರಿದ ಪ್ರವಾಹಕ್ಕೆ ನೆಲದ ದಾರಿಗಿಂತ ಯಂತ್ರ ಮುಟ್ಟಿದ ಕೂಲಿಯಾಳಿನ ಬೆವರಿದ ಕೈ ಸುಲಭದ ದಾರಿಯಾಗುತ್ತದೆ. ಬೆವರೂ ಉಪ್ಪು ನೀರೇ.

ಉಪ್ಪಿಗೆ ಇನ್ನೊಂದು ಮುಖವೂ ಇದೆ. ಅದು ಸತು ಬಳಿದ ಕಬ್ಬಿಣದ ಪೈಪನ್ನು ತಿನ್ನುತ್ತದೆ. ಅಂಥ ಪೈಪಿಗೆ ತಾಮ್ರದ ಪಟ್ಟಿಯನ್ನು ನೇರವಾಗಿ ಬಿಗಿದು ಮಣ್ಣಿನಲ್ಲಿ ಹೂತರೆ ಎರಡು ಲೋಹ, ನಡುವೆ ಉಪ್ಪು ನೀರು ಸೇರಿ ಒಂದು ಬ್ಯಾಟರಿಯೇ ಆಗುತ್ತದೆ. ಹೊರಗಿನ ವಿದ್ಯುತ್ತು ಇಲ್ಲದೆಯೂ ಸತು, ಆಮೇಲೆ ಕಬ್ಬಿಣ ಕರಗುತ್ತಾ ಹೋಗುತ್ತವೆ. ಸವಳು ನೀರಿನ ಕೊಳವೆಗೆ ಹಿತ್ತಾಳೆಯ ವಾಲ್ವ್ ಕೂಡಿಸಿದಲ್ಲಿ, ವಾಲ್ವ್ ಚೆನ್ನಾಗಿದ್ದು ಅದರ ಪಕ್ಕದ ಕಬ್ಬಿಣದ ಪೈಪು ಮೊದಲು ತೂತಾಗುವುದನ್ನು ಕೊಳಾಯಿ ಕೆಲಸದವರು ಬಲ್ಲರು. ಗುಂಡಿಯ ಮೇಲೆ ಸಿಮೆಂಟ್ ಮುಚ್ಚಳವಿರುವುದರಿಂದ ಒಳಗಿನ ಪೈಪು ಅರ್ಧ ಕರಗಿದ್ದರೂ ಮೇಲೆ ಗೊತ್ತಾಗುವುದಿಲ್ಲ. ಜಿನ್ನಿಂಗ್, ಎಣ್ಣೆಗಾಣ, ಮೆಣಸಿನಕಾಯಿ ಪುಡಿ ಮಾಡುವ ಗಿರಣಿಗಳ ಮಾಲೀಕರು ವರ್ಷಕ್ಕೊಮ್ಮೆ, ಅದೂ ನೆಲ ಬಿರಿದಿರುವ ಏಪ್ರಿಲ್–ಮೇ ತಿಂಗಳಲ್ಲಿ, ಪರವಾನಗಿ ಪಡೆದ ವಿದ್ಯುತ್ ಗುತ್ತಿಗೆದಾರರಿಂದ ಅರ್ತಿಂಗಿನ ರೋಧವನ್ನು ಅಳೆಯಿಸಬೇಕು. ಅಳೆದ ಓಮ್‌ಗಳನ್ನು ದಿನಾಂಕ ಸಹಿತ ಒಂದು ವಹಿಯಲ್ಲಿ ಬರೆದಿಟ್ಟು, ಹಿಂದಿನ ವರ್ಷದ ಅಂಕಿಯೊಂದಿಗೆ ಹೋಲಿಸಬೇಕು. ಅಂಕಿ ಏರುತ್ತಾ ಬಂದಿದ್ದರೆ ಮುಚ್ಚಳ ತೆಗೆಸಿ ಪೈಪನ್ನು ಕಣ್ಣಾರೆ ನೋಡಬೇಕು.